ಇಪ್ಪತ್ತೇಳು ನಕ್ಷತ್ರಗಳ ಒಂದು ಗಂಟು

2018ರ ಮಾರ್ಚ್ ತಿಂಗಳು. ಆಗ ನಾನು ಮಿಶಿಗನ್ ರಾಜ್ಯದ ಸೌತ್‌ಫೀಲ್ಡಿನಲ್ಲಿ, ಕಾರಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಕಚೇರಿಯಲ್ಲಿ ಬ್ಯಾಕಪ್ ಕನ್ಸಲ್ಟೆಂಟ್ ಆಗಿದ್ದೆ. ಮನೆ ಇದ್ದದ್ದು ಶಿಕಾಗೋ ಪಕ್ಕದ ಶಾಮ್‌ಬರ್ಗ್‌ನಲ್ಲಿ. ಸೋಮವಾರ ಬೆಳಗ್ಗೆ ಹೊರಟರೆ ಸುಮಾರು ಮುನ್ನೂರು ಮೈಲಿ ಡ್ರೈವ್. ಶಿಕಾಗೋ ಗಡಿಯಾರಕ್ಕೂ ಡೆಟ್ರಾಯಿಟ್ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸ. ಹೋಗುವಾಗ ಒಂದು ಗಂಟೆ ಕಳೆದುಕೊಂಡು, ಗುರುವಾರ ಸಂಜೆ ಮನೆಗೆ ಮರಳುವಾಗ ಅದೇ ಗಂಟೆಯನ್ನು ಮತ್ತೆ ಗಳಿಸುತ್ತಿದ್ದೆ. ಆ ಗಂಟೆಯನ್ನು ಏನು ಮಾಡಬೇಕೆಂದು ನನಗೆ ಒಂದು ದಿನವೂ ತಿಳಿಯಲಿಲ್ಲ. ಬಹುಪಾಲು ಇಂಡಿಯಾನಾದ ಟ್ರಾಫಿಕ್ಕಿಗೇ ಅದು ಖರ್ಚಾಗುತ್ತಿತ್ತು.

ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬೇರೆಯವರು ಕಟ್ಟಿಟ್ಟ ಗಂಟನ್ನು ಬಿಚ್ಚಿಕೊಡುವುದು. ಇಂಜಿನಿಯರುಗಳು ಒಂದು ಪ್ರಾಜೆಕ್ಟ್ ಮುಗಿದ ಮೇಲೆ ಅದರ ನೂರಾರು ಡ್ರಾಯಿಂಗ್ ಫೈಲುಗಳನ್ನು ‘ಟಾರ್’ ಎಂಬ ಸಾಧನದಿಂದ ಒಂದೇ ಫೈಲಾಗಿ ಕಟ್ಟುತ್ತಾರೆ. ಆಮೇಲೆ ‘ಜಿ-ಜಿಪ್’ ಎಂಬ ಇನ್ನೊಂದರಿಂದ ಅದನ್ನು ಒತ್ತಿ ಚಿಕ್ಕದು ಮಾಡುತ್ತಾರೆ. ಇದಕ್ಕೇ ಕಂಪ್ರೆಸ್ ಮಾಡುವುದು ಎನ್ನುತ್ತೇವೆ. ವರ್ಷಗಳು ಕಳೆದ ಮೇಲೆ ಯಾರಿಗೋ ಆ ಡ್ರಾಯಿಂಗ್ ಬೇಕಾಗುತ್ತದೆ. ಆಗ ನನಗೊಂದು ಟಿಕೆಟ್ ಬರುತ್ತದೆ, ಅಂದರೆ ನಂಬರು ಹಾಕಿದ ಕೋರಿಕೆ. ಕಮಾಂಡ್ ಲೈನ್ ತೆರೆದು, ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತೇನೆ. ಗಂಟು ಬಿಚ್ಚಿಕೊಳ್ಳುತ್ತದೆ. ಸಾಲು ತಪ್ಪಾಗಿದ್ದರೆ ಕಂಪ್ಯೂಟರ್ ಐದಾರು ಪದಗಳಲ್ಲಿ ಬೈದು ಸುಮ್ಮನಾಗುತ್ತದೆ. ಏನು ತಪ್ಪಾಯಿತೆಂದು ಸಮಾಧಾನವಾಗಿ ಹೇಳುವ ಅಭ್ಯಾಸ ಅದಕ್ಕಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಇಂಥ ಸಾವಿರಾರು ಗಂಟು ಬಿಚ್ಚಿದ್ದೇನೆ. ನೆನಪಿನಲ್ಲಿ ಉಳಿದದ್ದು ಟಿಕೆಟ್ ನಂಬರೇ ಇಲ್ಲದ ಒಂದು.

ಶಾರದಾ ಆಂಟಿಯ ಮನೆ ವಿಕ್ಸಮ್‌ನಲ್ಲಿ, ನನ್ನ ಆಫೀಸಿನಿಂದ ಇಪ್ಪತ್ತು ಮೈಲಿ. ಮೈಸೂರಿನವರು. ನಾನು ಸೌತ್‌ಫೀಲ್ಡಿಗೆ ಬಂದ ಹೊಸತರಲ್ಲಿ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದರು.

“ವಾರವೆಲ್ಲ ಹೋಟ್ಲಲ್ಲಿ ಏನೇ ತಿಂತೀಯ?” ಎಂದು ಪರಿಚಯವಾದ ಎರಡನೇ ನಿಮಿಷಕ್ಕೇ ಕೇಳಿದರು.

“ಸ್ಯಾಂಡ್‌ವಿಚ್, ಆಂಟಿ.”

“ಸ್ಯಾಂಡ್‌ವಿಚ್ಚಾ! ಎರಡು ಬ್ರೆಡ್ ಮಧ್ಯ ಸೊಪ್ಪು ಇಟ್ಕೊಂಡು ತಿನ್ನಕ್ಕೆ ನೀನೇನು ಮೊಲವಾ? ಬುಧವಾರ ಮನೆಗೆ ಬಾ.”

ಅಂದಿನಿಂದ ಪ್ರತಿ ಬುಧವಾರ ಸಂಜೆ ನನಗೆ ವಿಕ್ಸಮ್‌ನಲ್ಲಿ ಸಾರು ಅನ್ನ. ಅವರ ಯಜಮಾನರು ವೆಂಕಟೇಶ ಅಂಕಲ್ ಅಲ್ಲೇ ಒಂದು ಯಂತ್ರೋಪಕರಣದ ಕಾರ್ಖಾನೆಯಲ್ಲಿ ಟೂಲಿಂಗ್ ಇಂಜಿನಿಯರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಅಳತೆಯ ಮನುಷ್ಯ, ಮಾತಿನಲ್ಲೂ ಅಷ್ಟೇ. ಅವರಿಗಿದ್ದ ಒಂದೇ ಗೀಳು ಪಂಚಾಂಗ. ಊರಿನ ಪಂಚಾಂಗದಲ್ಲಿ ಅಚ್ಚಾದ ವೇಳೆ ಡೆಟ್ರಾಯಿಟ್‌ಗೆ ಹೊಂದುವುದಿಲ್ಲವಲ್ಲ, ಅದಕ್ಕಾಗಿ ತಾವೇ ಒಂದು ಪ್ರೋಗ್ರಾಂ ಬರೆದು, ಇಲ್ಲಿನ ಸೂರ್ಯೋದಯಕ್ಕೆ ಸರಿಯಾಗಿ ತಿಥಿ ನಕ್ಷತ್ರ ಲೆಕ್ಕ ಹಾಕುತ್ತಿದ್ದರು. ನಮ್ಮವರ ಎಷ್ಟೋ ಮನೆಗಳಲ್ಲಿ ಏಕಾದಶಿ ಯಾವತ್ತು, ಶ್ರಾದ್ಧ ಯಾವತ್ತು ಎಂಬುದು ಅಂಕಲ್‌ರ ಪ್ರಿಂಟ್‌ಔಟ್ ನೋಡಿಯೇ ತೀರ್ಮಾನವಾಗುತ್ತಿತ್ತು. 2017ರ ಬೇಸಿಗೆಯಲ್ಲಿ ಅಂಕಲ್ ತೀರಿಕೊಂಡರು. ಬುಧವಾರದ ಊಟ ನಿಲ್ಲಲಿಲ್ಲ. ಸಾರಿಗೆ ಉಪ್ಪು ಮಾತ್ರ ಆಗಾಗ ಮರೆತುಹೋಗುತ್ತಿತ್ತು, ನಾನು ಹೇಳುತ್ತಿರಲಿಲ್ಲ.

ಮಾರ್ಚ್‌ನ ಆ ಬುಧವಾರ ಊಟ ಬಡಿಸಿದ ಆಂಟಿ ತಾವು ಕೂರಲಿಲ್ಲ.

“ಸೋಮವಾರ ನಂಗೆ ಫ್ಲೈಟು. ಗಿರಿಜನ್ನ ನೋಡಕ್ಕೆ ಹೋಗ್ತಿದೀನಿ.”

ಗಿರಿಜಮ್ಮ ಅವರ ತಂಗಿ, ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದರು. ನಾಲ್ಕು ತಿಂಗಳ ಹಿಂದೆ ಅವರಿಗೆ ಸ್ಟ್ರೋಕ್ ಆಗಿತ್ತು. ಕೈಕಾಲು ತಕ್ಕಮಟ್ಟಿಗೆ ಸರಿಹೋಗಿದ್ದವು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಮಾತು ಮಾತ್ರ ಹೋಗಿಬಿಟ್ಟಿತ್ತು.

“ವಿಡಿಯೋ ಕಾಲ್ ಮಾಡ್ತೀನಿ. ಅವಳು ನನ್ನ ನೋಡ್ತಾಳೆ, ನಾನು ಅವಳನ್ನ ನೋಡ್ತೀನಿ. ಅಷ್ಟೇ. ದೇವರಾಣೆಗೂ ಹೇಳ್ತೀನಿ ಸುಮಾ, ಅವಳ ಸ್ವರ ಹೆಂಗಿತ್ತು ಅಂತ ನಂಗೆ ಮರೀತಾ ಇದೆ ಕಣೇ. ಮೊನ್ನೆ ರಾಗಿ ಹಿಟ್ಟು ಜರಡಿ ಹಿಡೀತಾ, ‘ಅಕ್ಕಾ’ ಅಂತ ಅವಳು ಹೆಂಗೆ ಕರೀತಿದ್ಲು ಅಂತ ನೆನೆಸ್ಕೊಳ್ಳಕ್ಕೆ ಹೋದ್ರೆ, ಬರಲೇ ಇಲ್ಲ. ನನ್ನ ಸ್ವರಾನೇ ಬಂತು.”

ಹೇಳಿ, ಸೆರಗಿನಿಂದ ಮೇಜು ಒರೆಸಿದರು. ಮೇಜಿನ ಮೇಲೆ ಏನೂ ಚೆಲ್ಲಿರಲಿಲ್ಲ.

ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಫೋನ್ ಮಾಡುವುದೆಂದರೆ ಮನೆಯಲ್ಲಿ ಸಾವೋ ಮದುವೆಯೋ ಆಗಬೇಕಿತ್ತು. ಹಾಗಾಗಿ ಅಕ್ಕ ತಂಗಿ ಕ್ಯಾಸೆಟ್ಟಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಗಿರಿಜಮ್ಮ ಅಡುಗೆಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಒಂದು ಗಂಟೆ ಮಾತಾಡುವುದು, ಈ ಕಡೆ ಬರುವವರ ಪೆಟ್ಟಿಗೆಯಲ್ಲಿ ಕ್ಯಾಸೆಟ್ ಹಾಕಿ ಕಳಿಸುವುದು. ಇವರು ಕೇಳಿ, ಇನ್ನೊಂದರಲ್ಲಿ ಉತ್ತರ ತುಂಬಿ ಕಳಿಸುವುದು. ಗಿರಿಜಮ್ಮನ ನಲವತ್ತೊಂದು ಕ್ಯಾಸೆಟ್ ವಿಕ್ಸಮ್‌ನ ಬೇಸ್‌ಮೆಂಟಿನಲ್ಲಿ ಇದ್ದವು. ಒಂದು ವರ್ಷ ನೆಲದಡಿಯ ನೀರನ್ನು ಹೊರಹಾಕುವ ಸಂಪ್ ಪಂಪ್ ಕೆಟ್ಟು, ಬೇಸ್‌ಮೆಂಟಿಗೆ ನೀರು ತುಂಬಿ ಎಲ್ಲವೂ ಹಾಳಾದವು. ಅದೃಷ್ಟಕ್ಕೆ ಅಷ್ಟು ಹೊತ್ತಿಗಾಗಲೇ ಅಂಕಲ್ ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಒಂದೇ ಗಂಟು ಕಟ್ಟಿ, ಒತ್ತಿ ಚಿಕ್ಕದು ಮಾಡಿ ಇಟ್ಟಿದ್ದರು. ಆಗಿನ ಡಿಸ್ಕಿನಲ್ಲಿ ನೂರು ಎಂಬಿ ಮಾತ್ರ ಹಿಡಿಯುತ್ತಿದ್ದುದರಿಂದ ಗಂಟನ್ನು ತುಂಡು ತುಂಡು ಮಾಡಿ, ಒಂದೊಂದು ಡಿಸ್ಕಿಗೆ ಒಂದೊಂದು ತುಂಡು ಹಾಕಿದ್ದರು. ಮುಂದೆ ಎಲ್ಲ ತುಂಡನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿದ್ದರು. ಅಂಕಲ್ ಹೋದ ಮೇಲೆ ಆ ಪೆನ್‌ಡ್ರೈವ್ ಅವರ ಮಗ ಅರುಣ್ ಬಳಿ ಇತ್ತು.

ಅರುಣ್ ಅಂದು ಸಂಜೆ ಅದನ್ನು ಕೊಡಲೆಂದೇ ಬಂದಿದ್ದ. ಇಲ್ಲೇ ಹುಟ್ಟಿ ಬೆಳೆದವನು, ವಕೀಲ, ಅಮ್ಮನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ನಾನು ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿ ಪಟ್ಟಿ ತೆರೆದೆ. ಇಪ್ಪತ್ತೇಳು ಫೈಲು. ಇಂಗ್ಲಿಷ್ ಅಕ್ಷರದಲ್ಲಿ ಅನುರಾಧ, ಅಶ್ವಿನಿ, ಭರಣಿ, ಚಿತ್ರ, ರೇವತಿ, ರೋಹಿಣಿ, ಸ್ವಾತಿ ಎಂದೆಲ್ಲ ಹೆಸರು.

“ಐ ಹ್ಯಾವ್ ಟು ಆಸ್ಕ್,” ಎಂದ ಅರುಣ್, ದನಿ ತಗ್ಗಿಸಿ. “ಮಾಮ್, ಹೂ ಆರ್ ಆಲ್ ದೀಸ್ ವಿಮೆನ್?”

ಅಪ್ಪನ ಪೆನ್‌ಡ್ರೈವಿನಲ್ಲಿ ಇಷ್ಟೊಂದು ಹೆಂಗಸರ ಹೆಸರು ನೋಡಿ ಅವನು ಎಂಟು ತಿಂಗಳಿಂದ ಅಮ್ಮನಿಗೆ ತೋರಿಸದೆ ಇಟ್ಟುಕೊಂಡಿದ್ದನಂತೆ! ಆಂಟಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ನೋಡಿದವರೇ ಕುರ್ಚಿ ಹಿಡಿದುಕೊಂಡು ನಕ್ಕರು. ಅಂಕಲ್ ಹೋದಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಲೋ ಮಂಕೇ, ನಕ್ಷತ್ರ ಕಣೋ ಅವು! ಸ್ಟಾರ್ಸ್! ಚಂದ್ರನ ಇಪ್ಪತ್ತೇಳು ಹೆಂಡ್ತೀರು. ನಿಮ್ಮಪ್ಪಂಗೆ ನಾನೊಬ್ಬಳೇ ಜಾಸ್ತಿ ಆಗಿದ್ದೆ.”

ನಕ್ಷತ್ರ ಎಂದು ನನಗೂ ಗೊತ್ತಾಯಿತು. ಗೊತ್ತಾಗಿಯೂ ನಾನು ಅದನ್ನು ಬರೀ ಹೆಸರು ಎಂದುಕೊಂಡೆ. ಪಂಚಾಂಗದ ಮನುಷ್ಯ, ಡಿಸ್ಕಿನ ಮೇಲೆ ನಕ್ಷತ್ರದ ಚೀಟಿ ಅಂಟಿಸಿದ್ದಾರೆ, ಅಷ್ಟೇ ತಾನೆ. ನೂರು ಸಲ ಮಾಡಿದ ಕೆಲಸ. ತುಂಡುಗಳನ್ನು ಒಂದರ ಹಿಂದೆ ಒಂದು ಜೋಡಿಸುವ ಆಜ್ಞೆಗೆ ‘ಕ್ಯಾಟ್’ ಎನ್ನುತ್ತೇವೆ. ‘ಇಲ್ಲಿರುವುದೆಲ್ಲವನ್ನೂ’ ಎಂಬುದಕ್ಕೆ ಒಂದು ನಕ್ಷತ್ರದ ಗುರುತು (*). ಆ ಒಂದು ಸಾಲು ಹೊಡೆದು ಜೋಡಿಸಿದೆ. ಆಮೇಲೆ, ಗಂಟು ಬಿಚ್ಚುವ ಮುಂಚೆ ಸರಿಯಿದೆಯೇ ಎಂದು ಪರೀಕ್ಷಿಸುವ ಸಾಲು:

gzip -t girija.tar.gz

ಎಂಟರ್ ಒತ್ತಿದ ಕೂಡಲೇ ಉತ್ತರ ಬಂತು: not in gzip format. ಇದು ಆ ಜಾತಿಯ ಗಂಟೇ ಅಲ್ಲ ಎಂದರ್ಥ.

ಪೆನ್‌ಡ್ರೈವಿನಿಂದ ಮತ್ತೊಮ್ಮೆ ನಕಲು ಮಾಡಿಕೊಂಡು ನೋಡಿದೆ. ಅದೇ ಉತ್ತರ. ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ನಾನು ವೃತ್ತಿಯಲ್ಲಿ ಪಳಗಿದವರು ಮಾತ್ರ ಮಾಡಬಲ್ಲ ತಪ್ಪನ್ನು ಮಾಡಿದೆ. ಗೊತ್ತಿಲ್ಲ ಎನ್ನುವ ಬದಲು ತೀರ್ಪು ಕೊಟ್ಟೆ.

“ಫೈಲ್ ಕರಪ್ಟ್ ಆಗಿದೆ ಆಂಟಿ. ಹಳೇ ಡಿಸ್ಕಲ್ವಾ. ಯಾವುದೋ ಒಂದು ತುಂಡು ಕೆಟ್ಟಿರ್ಬೇಕು.”

“ಒಂದು ಕೆಟ್ರೆ ಮಿಕ್ಕಿದ್ದು ಕೇಳಕ್ಕಾಗಲ್ವಾ?”

“ಒತ್ತಿ ಕಟ್ಟಿದ ಗಂಟು ಆಂಟಿ. ಶುರುವಿನಲ್ಲೇ ಕೆಟ್ಟಿದ್ರೆ ಮುಂದಿನದೂ ಬರಲ್ಲ.”

“ಓ,” ಎಂದರು. “ಹೋಗ್ಲಿ ಬಿಡು. ಇನ್ನೊಂದು ಸ್ವಲ್ಪ ಮೊಸರು ಹಾಕ್ಕೋ,” ಎಂದು ಪಾತ್ರೆ ನನ್ನ ಕಡೆ ಸರಿಸಿದರು.

ಮಾರನೆಯ ದಿನ ಗುರುವಾರ. ಆಫೀಸಿನಲ್ಲಿ ಹಳೆಯ ಬ್ಯಾಕಪ್ ಟೇಪುಗಳ ಕೋಣೆ ನೋಡಿಕೊಳ್ಳುತ್ತಿದ್ದವಳು ಡೆನೀಸ್. ಡೆಟ್ರಾಯಿಟ್‌ನಲ್ಲೇ ಹುಟ್ಟಿ, ಆ ಕಂಪನಿಯಲ್ಲೇ ತಲೆ ನರೆತವಳು. ಅಲ್ಲಿ ಯಾವ ಇಂಜಿನಿಯರ್ ಯಾವಾಗ ನಿವೃತ್ತನಾದ, ಯಾರಿಗೆ ಯಾರನ್ನು ಕಂಡರಾಗದು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಕಾಫಿ ಕುಡಿಯುತ್ತಾ ಅವಳಿಗೆ ಹಿಂದಿನ ದಿನದ ಕಥೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಆ ಮನುಷ್ಯ ಅವನ್ನು ಯಾವ ಕ್ರಮದಲ್ಲಿ ಎಣಿಸುತ್ತಿದ್ದ?”

“ಕ್ರಮ ಕಂಪ್ಯೂಟರ್ ನೋಡಿಕೊಳ್ಳುತ್ತದಲ್ಲ, ಎ ಬಿ ಸಿ...” ಎಂದವಳು ಅಲ್ಲೇ ನಿಂತೆ.

ಕಂಪ್ಯೂಟರಿಗೆ ಗೊತ್ತಿರುವುದು ಎ ಬಿ ಸಿ ಮಾತ್ರ. ‘ಎಲ್ಲವನ್ನೂ ಜೋಡಿಸು’ ಎಂದರೆ ಅದು ಅನುರಾಧದಿಂದ ಶುರುಮಾಡಿ ವಿಶಾಖಕ್ಕೆ ಮುಗಿಸುತ್ತದೆ. ಆದರೆ ಏಕಾದಶಿಯನ್ನು ಡೆಟ್ರಾಯಿಟ್ ಸೂರ್ಯೋದಯಕ್ಕೆ ಹೊಂದಿಸಿ ಕೊಡುವ ಮನುಷ್ಯ ನಕ್ಷತ್ರಗಳನ್ನು ಎ ಬಿ ಸಿ ಕ್ರಮದಲ್ಲಿ ಇಡುತ್ತಾರೆಯೇ? ಫೈಲ್ ಕೆಟ್ಟಿರಲಿಲ್ಲ. ನಾನೇ ಅದನ್ನು ತಲೆಕೆಳಗು ಜೋಡಿಸಿ, ಕೆಟ್ಟಿದೆ ಎಂದು ಒಬ್ಬ ಹೆಂಗಸಿನ ಆಸೆಗೆ ಎಳ್ಳುನೀರು ಬಿಟ್ಟು ಬಂದಿದ್ದೆ.

ಅಂದು ಸಂಜೆ ಶಾಮ್‌ಬರ್ಗ್‌ಗೆ ಹೋಗಲಿಲ್ಲ. ಮನೆಗೆ ಫೋನ್ ಮಾಡಿ, ಈ ವಾರ ಬರುವುದಿಲ್ಲ ಎಂದೆ. “ಆಫೀಸ್ ಕೆಲ್ಸವಾ?” ಎಂದರು ನಮ್ಮ ಯಜಮಾನರು. “ಹೂಂ, ಒಂದು ರಿಸ್ಟೋರ್,” ಎಂದೆ. ಗಂಟು ಬಿಚ್ಚಿ ಹಳೆಯದನ್ನು ಮರಳಿ ತರುವುದಕ್ಕೆ ನಮ್ಮಲ್ಲಿ ಹಾಗೇ ಅನ್ನುವುದು, ಸುಳ್ಳೇನಲ್ಲ. ಶುಕ್ರವಾರ ನಿಜವಾಗಿಯೂ ಒಂದು ತುರ್ತು ಟಿಕೆಟ್ ಬಂದು ಸಂಜೆಯವರೆಗೂ ಬಿಡಲಿಲ್ಲ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ವಿಕ್ಸಮ್‌ಗೆ ಹೋದೆ.

ಹಾಲ್‌ನಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಕುಳಿತಿದ್ದವು. ಆಂಟಿ ಬಚ್ಚಲಮನೆಯ ತೂಕದ ಯಂತ್ರವನ್ನು ಹಾಲಿಗೆ ತಂದು, ಬಾದಾಮಿ ಪೊಟ್ಟಣ ತೂಗುತ್ತಿದ್ದರು.

“ಆಂಟಿ, ನಂಗೆ ನಕ್ಷತ್ರಗಳನ್ನ ಕ್ರಮವಾಗಿ ಹೇಳಿ.”

“ನೀನು ಹೇಳು ನೋಡೋಣ. ನಿಮ್ಮ ದೊಡ್ಡಮ್ಮ ಕಲಿಸಿಲ್ವಾ?”

ಕಲಿಸಿದ್ದರು. ನನ್ನ ಕನ್ನಡವೆಲ್ಲ ಚಿಕ್ಕಂದಿನಲ್ಲಿ ಅಮೆರಿಕದಲ್ಲೇ ದೊಡ್ಡಮ್ಮನ ಮಗ್ಗುಲಲ್ಲಿ ಕುಳಿತು ಕಲಿತದ್ದು. ವಾರ, ಮಾಸ, ತಿಥಿ, ನಕ್ಷತ್ರ ಎಲ್ಲ ಬಾಯಿಪಾಠ. ಒಂದೇ ಉಸಿರಿಗೆ ಹೇಳಬೇಕಿತ್ತು, ನಡುವೆ ನಿಂತರೆ ಮತ್ತೆ ಮೊದಲಿನಿಂದ. ಹೇಳತೊಡಗಿದೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ... ನಾನು ಹೇಳುತ್ತಾ ಟೈಪ್ ಮಾಡುತ್ತಿದ್ದರೆ ಆಂಟಿ ಬಾದಾಮಿ ಕೆಳಗಿಟ್ಟು ನನ್ನ ಜೊತೆ ದನಿಗೂಡಿಸಿದರು. ಧನಿಷ್ಠದ ಹತ್ತಿರ ನಾನು ತಡವರಿಸಿದೆ. ಅವರು ನಿಲ್ಲಲಿಲ್ಲ, ರೇವತಿಯವರೆಗೂ ಒಬ್ಬರೇ ಹೇಳಿ ಮುಗಿಸಿದರು.

ಜೋಡಿಸಿದೆ. ಪರೀಕ್ಷೆಯ ಸಾಲು ಹೊಡೆದೆ. ಮತ್ತೆ ಅದೇ ಬೈಗುಳ: not in gzip format.

ಈ ಸಲ ನಾನು ತೀರ್ಪು ಕೊಡಲಿಲ್ಲ. ಬುಧವಾರವೇ ಮಾಡಬೇಕಾಗಿದ್ದ ಕೆಲಸವನ್ನು ಈಗ ಮಾಡಿದೆ. ಜಿ-ಜಿಪ್ ಕಟ್ಟಿದ ಪ್ರತಿ ಗಂಟಿನ ಶುರುವಿನಲ್ಲೂ ಒಂದು ಗುರುತು ಇರುತ್ತದೆ. ತುಂಡು ಮಾಡಿದಾಗ ಆ ಗುರುತು ಮೊದಲನೇ ತುಂಡಿನಲ್ಲಿ ಮಾತ್ರ ಉಳಿಯುತ್ತದೆ. ಯಾವ ಫೈಲು ಯಾವ ಜಾತಿಯದು ಎಂದು ಹೇಳುವ ‘ಫೈಲ್’ ಎಂಬ ಆಜ್ಞೆಯೇ ಇದೆ. ಅದನ್ನು ಹೊಡೆದೆ. ಇಪ್ಪತ್ತಾರು ಹೆಸರಿನ ಮುಂದೆ ‘ಡೇಟಾ’ ಎಂದಷ್ಟೇ ಬಂತು. ಒಂದರ ಮುಂದೆ ಮಾತ್ರ ‘ಜಿ-ಜಿಪ್’ ಎಂದು ಬಂತು.

ರೋಹಿಣಿ.

ಗಾತ್ರ ನೋಡಿದೆ. ಇಪ್ಪತ್ತಾರು ತುಂಡು ತಲಾ ತೊಂಬತ್ತೈದು ಎಂಬಿ. ಒಂದೇ ಒಂದು ಚಿಕ್ಕದು, ಅರವತ್ತೊಂದು. ಮಿಕ್ಕಿ ಉಳಿದದ್ದು ಕೊನೆಯ ತುಂಡಿನಲ್ಲಿ ತಾನೆ ಇರಬೇಕು. ಅದು ಕೃತ್ತಿಕೆ. ರೋಹಿಣಿಗೆ ಸರಿಯಾಗಿ ಹಿಂದಿನ ನಕ್ಷತ್ರ. ಅಂದರೆ ಅಂಕಲ್ ರೋಹಿಣಿಯಿಂದ ಶುರುಮಾಡಿ, ರೇವತಿ ದಾಟಿ, ಅಶ್ವಿನಿ ಭರಣಿ ಸುತ್ತಿಕೊಂಡು ಬಂದು ಕೃತ್ತಿಕೆಗೆ ನಿಲ್ಲಿಸಿದ್ದರು.

“ಆಂಟಿ, ನಿಮ್ಮದು ರೋಹಿಣಿ ನಕ್ಷತ್ರವಾ?”

“ನಂದು ಮಖೆ. ಯಾಕೆ?”

“ಅಂಕಲ್ ರೋಹಿಣಿಯಿಂದ ಶುರು ಮಾಡಿದಾರೆ. ಅದಕ್ಕೆ ಕೇಳ್ದೆ.”

ಆಂಟಿ ಸೂಟ್‌ಕೇಸಿನ ಅಂಚಿನ ಮೇಲೆ ಕುಳಿತರು.

“ರೋಹಿಣಿ ಗಿರಿಜಂದು. ರೋಹಿಣೀಲಿ ಹುಟ್ಟಿದೋಳು ಸೋದರಮಾವನಿಗೆ ಕಂಟಕ ಅಂತ ನಮ್ಮಜ್ಜಿ ಅವಳನ್ನ ಬೈದಿದ್ದೂ ಬೈದಿದ್ದೇ. ಮಾವ ತೊಂಬತ್ತು ವರ್ಷ ಗುಂಡುಕಲ್ಲಿನ ಹಾಗೆ ಬದುಕಿದ.” ಮೂಗು ಒರೆಸಿಕೊಂಡರು. “ಕ್ಯಾಸೆಟ್ ಬಂದಾಗಲೆಲ್ಲ ಇವರು ‘ಬಂತಪ್ಪಾ ಮೈಸೂರು ಆಕಾಶವಾಣಿ’ ಅಂತ ಎದ್ದು ಹೋಗೋರು. ಅವಳ ನಕ್ಷತ್ರ ಇವರಿಗೆ ಗೊತ್ತಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ.”

ರೋಹಿಣಿಯಿಂದ ಕೃತ್ತಿಕೆಯವರೆಗೆ ಹೆಸರುಗಳನ್ನು ಮತ್ತೆ ಟೈಪ್ ಮಾಡಿದೆ. ಜೋಡಿಸಿದೆ. ಪರೀಕ್ಷೆಯ ಸಾಲು ಹೊಡೆದೆ. ಎಂಟರ್ ಒತ್ತಿದೆ.

ಈ ಸಲ ಬೈಗುಳ ಬರಲಿಲ್ಲ. ಕಮಾಂಡ್ ಲೈನಿನ ಸ್ವಭಾವವೇ ಹಾಗೆ, ಎಲ್ಲ ಸರಿಯಿದ್ದರೆ ಅದು ಏನೂ ಹೇಳುವುದಿಲ್ಲ. ಎರಡೂವರೆ ಜಿಬಿಯನ್ನು ಓದಿ ಮುಗಿಸುವವರೆಗೂ ಕರ್ಸರ್ ಮಿಟುಕುತ್ತಾ ಇತ್ತು. ಆಮೇಲೆ ಸದ್ದಿಲ್ಲದೆ ಕೆಳಗಿನ ಸಾಲಿಗೆ ಇಳಿಯಿತು.

“ಏನಂತೆ?” ಎಂದರು ಆಂಟಿ.

“ಏನೂ ಅನ್ನಲಿಲ್ಲ ಆಂಟಿ. ಅಂದ್ರೆ ಸರಿಯಿದೆ.”

“ನಿಮ್ಮಂಕಲ್ ಥರಾನೇ.”

ಗಂಟು ಬಿಚ್ಚುವ ಸಾಲು ಹೊಡೆದೆ:

tar -xzvf girija.tar.gz

ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಇಳಿದವು. ನಲವತ್ತೊಂದು ಕ್ಯಾಸೆಟ್ಟಿಗೆ ನಲವತ್ತೊಂದು ಫೈಲು. ಒಂದೂ ಕೆಟ್ಟಿರಲಿಲ್ಲ. ಮೊದಲನೆಯದನ್ನು ಒತ್ತಿ, ಲ್ಯಾಪ್‌ಟಾಪನ್ನು ಆಂಟಿಯ ಕಡೆ ತಿರುಗಿಸಿದೆ.

ಮೊದಲು ಟೇಪಿನ ಸರಸರ ಸದ್ದು. ಏನೋ ಪಾತ್ರೆ ಸರಿಸಿದ ಸಪ್ಪಳ. ಆಮೇಲೆ, ತೆಳ್ಳಗಿನ, ತುಸು ಮೂಗಿನಲ್ಲಿ ಬರುವ, ಯಾವುದೋ ಗುಟ್ಟು ಹೇಳಲು ತವಕಿಸುವಂಥ ಒಂದು ದನಿ.

“ಅಕ್ಕಾ... ಇದು ತಿರುಗ್ತಾ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಕಣೇ. ತಿರುಗ್ತಾ ಇದೆ ಅನ್ಕೋತೀನಿ. ಊಟ ಆಯ್ತಾ ಅಕ್ಕ?”

ಅಲ್ಲಿಗೆ ದನಿ ನಿಂತಿತು. ಟೇಪು ಓಡುತ್ತಲೇ ಇತ್ತು. ಐದು ಸೆಕೆಂಡು, ಹತ್ತು ಸೆಕೆಂಡು. ದೂರದಲ್ಲೊಂದು ಸೈಕಲ್ ಬೆಲ್ಲು. ರೆಕಾರ್ಡಿಂಗ್ ಇಷ್ಟಕ್ಕೇ ಮುಗಿಯಿತೇನೋ ಎಂದು ನಾನು ಕೀಬೋರ್ಡಿನತ್ತ ಕೈ ಚಾಚಿದೆ. ಅಷ್ಟರಲ್ಲಿ ಗಿರಿಜಮ್ಮ ಮುಂದುವರಿಸಿದರು.

“ಹೂಂ. ನಂದೂ ಆಯ್ತು. ಹುರುಳಿಕಾಯಿ ಪಲ್ಯ ಮಾಡಿದ್ದೆ. ಅಲ್ಲಿ ಹುರುಳಿಕಾಯಿ ಸಿಗುತ್ತಾ?”

ಮತ್ತೆ ಮೌನ. ಕುಕ್ಕರ್ ಒಂದು ಸೀಟಿ ಹೊಡೆಯಿತು.

ಆಗ ನನಗೆ ಅರ್ಥವಾಯಿತು. ಅವರು ಕಾಗದ ಓದುವಂತೆ ಮಾತಾಡುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿ, ಅಕ್ಕ ಉತ್ತರ ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದರು. ಎಂಟು ಸಾವಿರ ಮೈಲಿ ದೂರದ ಉತ್ತರಕ್ಕೆ, ಅಡುಗೆಮನೆಯಲ್ಲಿ ನಿಂತು, ಟೇಪನ್ನು ಸುಮ್ಮನೆ ಓಡಲು ಬಿಟ್ಟು.

ಆಂಟಿ ಕಣ್ಣು ಮುಚ್ಚಿಕೊಂಡಿದ್ದರು. ಕುಕ್ಕರಿನ ಸೀಟಿ ಅಡಗುವ ಮೊದಲೇ ಅವರೆಂದರು, “ಸಿಗುತ್ತೆ ಕಣೇ. ಎಳೇದು ಸಿಗಲ್ಲ, ನಾರು ಜಾಸ್ತಿ.”

“ಎಳೇದಾದ್ರೆ ಚೆನ್ನಾಗಿರುತ್ತೆ,” ಎಂದಿತು ಟೇಪು.

ನಾನು ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ. ಅರ್ಧ ಗಂಟೆ ಅಲ್ಲಿಂದಲೇ ಅಕ್ಕ ತಂಗಿಯ ಮಾತು ಕೇಳಿಸಿಕೊಂಡೆ.

ಕಾಫಿ ತಂದುಕೊಟ್ಟು, ಎಲ್ಲವನ್ನೂ ಆಂಟಿಯ ಟ್ಯಾಬ್ಲೆಟ್ಟಿಗೆ ಹಾಕಲು ಕುಳಿತೆ. ಅದರಲ್ಲಿ ಜಾಗ ಕಡಿಮೆ ಇತ್ತು. ಮೊಮ್ಮಕ್ಕಳ ವಿಡಿಯೋ ತುಂಬಿತ್ತು. ನನ್ನ ವೃತ್ತಿಬುದ್ಧಿ ತಕ್ಷಣ ಜಾಗೃತವಾಯಿತು. ಜಾಗ ಉಳಿಸುವುದೇ ನಮ್ಮ ಕಸುಬಲ್ಲವೇ.

“ಆಂಟಿ, ನಡುನಡುವೆ ಖಾಲಿ ಬಿಟ್ಟಿದಾರಲ್ಲ, ಅದನ್ನೆಲ್ಲ ತೆಗೆಯಕ್ಕೆ ಒಂದು ಪ್ರೋಗ್ರಾಂ ಇದೆ. ತೆಗೆದ್ರೆ ಮುಕ್ಕಾಲು ಭಾಗ ಆಗುತ್ತೆ. ಬರೀ ಅವರ ಮಾತು ಉಳಿಯುತ್ತೆ, ಬೇಗನೂ ಕೇಳ್ಬಹುದು. ತೆಗೀಲಾ?”

“ಮುಟ್ಟಬೇಡ,” ಎಂದರು. ಅವರು ನನ್ನೊಡನೆ ಹಾಗೆ ಗದರಿದ್ದು ಅದೊಂದೇ ಸಲ. ಮರುಕ್ಷಣವೇ ಮೆತ್ತಗಾಗಿ, “ಅದು ಖಾಲಿ ಅಲ್ಲ ಸುಮಾ. ಅದು ನನ್ನ ಪಾಲು. ಮೊಮ್ಮಕ್ಕಳ ವಿಡಿಯೋ ಬೇಕಾದ್ರೆ ತೆಗಿ, ಅರುಣ್ ಹತ್ರ ಇದೆ,” ಎಂದರು.

ಮೊಮ್ಮಕ್ಕಳ ವಿಡಿಯೋ ತೆಗೆದೆ. ಗಿರಿಜಮ್ಮನ ಒಂದು ಸೆಕೆಂಡನ್ನೂ ಮುಟ್ಟಲಿಲ್ಲ. ಹೊರಡುವಾಗ ಆಂಟಿ ಬಾಗಿಲ ಬಳಿ ನನ್ನ ಕೈ ಹಿಡಿದುಕೊಂಡು ಕೇಳಿದರು, “ಇದನ್ನ ಕೇಳಿದ್ರೆ ಅವಳಿಗೆ ಮಾತು ಬರಬಹುದಾ?”

ಬುಧವಾರವಾಗಿದ್ದರೆ ನನ್ನಲ್ಲಿ ಅದಕ್ಕೂ ಒಂದು ಉತ್ತರ ಇರುತ್ತಿತ್ತೇನೋ. “ನಂಗೆ ಗೊತ್ತಿಲ್ಲ ಆಂಟಿ,” ಎಂದೆ.

ಸೋಮವಾರ ಅವರು ಮೈಸೂರಿಗೆ ಹೋದರು. ನಾನು ನನ್ನ ಟಿಕೆಟ್ಟುಗಳಿಗೆ ಮರಳಿದೆ. ಆ ವಾರವೇ ಮ್ಯಾನೇಜರನ್ನು ಒಪ್ಪಿಸಿ, ನಮ್ಮ ರಿಸ್ಟೋರ್ ಕೋರಿಕೆಯ ಫಾರಂನಲ್ಲಿ ಒಂದು ಸಾಲು ಸೇರಿಸಿದೆ. ಫೈಲಿನ ಹೆಸರೇನು, ಎಲ್ಲಿತ್ತು, ಯಾವತ್ತಿನದು ಎಂಬ ಪ್ರಶ್ನೆಗಳಿಗೂ ಮೊದಲು: ಇದನ್ನು ಕಟ್ಟಿಟ್ಟವರು ಯಾರು, ಅವರನ್ನು ಬಲ್ಲವರು ಈಗ ಎಲ್ಲಿದ್ದಾರೆ? ಡೆನೀಸ್ ಅದನ್ನು ಓದಿ, “ಇದಕ್ಕೆ ಇಷ್ಟು ವರ್ಷ ಬೇಕಾಯಿತೇ?” ಎಂದು ಹುಬ್ಬೇರಿಸಿದಳು. ಬೇಕಾಯಿತು. ಗಂಟು ಬಿಚ್ಚುವ ಆಜ್ಞೆಗಳೆಲ್ಲ ನನಗೆ ಮೊದಲ ವರ್ಷವೇ ಬಾಯಿಗೆ ಬಂದಿದ್ದವು. ಪ್ರತಿ ಗಂಟನ್ನೂ ಒಬ್ಬ ಮನುಷ್ಯ ತನ್ನ ಲೆಕ್ಕದಲ್ಲಿ, ತನ್ನ ಪ್ರೀತಿಯ ಕ್ರಮದಲ್ಲಿ ಕಟ್ಟಿರುತ್ತಾನೆ ಎಂಬುದನ್ನು, ಮತ್ತು ನನಗೆ ತೆರೆಯಲಾಗದ್ದನ್ನೆಲ್ಲ ಕೆಟ್ಟದ್ದು ಎನ್ನಬಾರದು ಎಂಬುದನ್ನು ಈ ಕೆಲಸ ನನಗೆ ವಿಕ್ಸಮ್‌ನ ಊಟದ ಮೇಜಿನಲ್ಲಿ ಕಲಿಸಿತು.

ಏಪ್ರಿಲ್ ಕೊನೆಯಲ್ಲಿ ಆಂಟಿ ಮೈಸೂರಿನಿಂದ ವಾಟ್ಸಾಪ್‌ನಲ್ಲಿ ಒಂದು ಆಡಿಯೋ ಕಳಿಸಿದರು. ಅದರ ಕೆಳಗೆ, ‘ಇದನ್ನೂ ಅದರ ಜೊತೆ ಸೇರಿಸಿ ಕಟ್ಟು’ ಎಂದು ಬರೆದಿದ್ದರು. ಗಿರಿಜಮ್ಮನಿಗೆ ಮಾತು ಮರಳಿರಲಿಲ್ಲ, ಆಮೇಲೂ ಮರಳಲಿಲ್ಲ. ಮೊದಲ ದಿನ ತಮ್ಮ ದನಿ ಕೇಳಿ ಅತ್ತರಂತೆ. ಎರಡನೇ ದಿನದಿಂದ, ಸ್ನಾನವಾದ ಕೂಡಲೇ ತಾವೇ ಟ್ಯಾಬ್ಲೆಟ್ ತಂದು ಅಕ್ಕನ ಮಡಿಲಲ್ಲಿ ಇಡುತ್ತಿದ್ದರಂತೆ.

ಆಡಿಯೋ ಆರು ನಿಮಿಷದ್ದು. ಕಾರನ್ನು ಇಂಡಿಯಾನಾದ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಕೇಳಿದೆ. ಅದರಲ್ಲಿ ಟೇಪಿನ ದನಿ ಇರಲಿಲ್ಲ. ಆಂಟಿಯೊಬ್ಬರದೇ ಮಾತು.

“ಗಿರಿಜಾ, ಊಟ ಆಯ್ತಾ?”

ಆಮೇಲೆ ಮೌನ. ಸೀಲಿಂಗ್ ಫ್ಯಾನಿನ ಗರಗರ ಸದ್ದು. ಬೀದಿಯಲ್ಲಿ ಆಟೋ ಹೋಯಿತು. ಯಾರದೋ ಬಳೆ ಸದ್ದಾಯಿತು. ಆಂಟಿ ಅವಸರ ಮಾಡಲಿಲ್ಲ. ತಂಗಿ ಒಂದು ಇಡೀ ಊಟದ ವಿವರ ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದರು.

“ಹೂಂ,” ಎಂದರು ಕೊನೆಗೆ. “ನಂದೂ ಆಯ್ತು ಕಣೇ.”